ಕನ್ನಡಕ ಬಿಟ್ಟು ದೀಪ ಕದ್ದವರು

ಡಿಸೆಂಬರ್ 17, ಬೆಳಿಗ್ಗೆ 8 ಗಂಟೆ 20 ನಿಮಿಷ. ದೂರದ ಉತ್ತರದ ಮುರ್ಮಾನ್ಸ್ಕ್ ನಗರದ ಗುಡ್ಡದ ಮೇಲಿನ ಠಾಣೆಗೆ ಒಂದು ದೂರು ಬಂತು. ತಂದವರು ಎರಡು ಬೀದಿ ಆಚೆಗಿನ ಶಿಶುವಿಹಾರದ ಮುಖ್ಯಸ್ಥೆ ನಿನೆಲ್ ಸವೆಲ್ಯೆವ್ನಾ, ವಯಸ್ಸು 64. ಟೋಪಿಯ ಮೇಲಿನ ಹಿಮವನ್ನೂ ಕೊಡವದೆ ಮೇಜಿನ ಮುಂದೆ ಬಂದು ನಿಂತರು.

"ನಮ್ಮ ದೀಪ ಕಳುವಾಗಿದೆ. ಬರ್ಕೊಳ್ಳಿ."

ಸಾರ್ಜೆಂಟ್ ಪೊತಾಪ್ ಜೂಯೆವ್ ಪೆನ್ನು ಹುಡುಕುತ್ತ, "ಬಲ್ಬಾ, ಟ್ಯೂಬ್‌ಲೈಟಾ?" ಎಂದ.

"ಚಡ್ಡಿ ಹಾಕ್ಕೊಂಡು ಅದರ ಸುತ್ತ ಅಳ್ತಾ ನಿಲ್ತಿದ್ದೆಯಲ್ಲ, ಆ ದೀಪ ಕಣೋ ಪೊತಾಪ್."

ಜೂಯೆವ್ ಕುರ್ಚಿಯಿಂದ ಎದ್ದು ನಿಂತ. ಇಪ್ಪತ್ತೊಂಬತ್ತು ವರ್ಷದ, ಸಮವಸ್ತ್ರದಲ್ಲಿದ್ದ ಪೊಲೀಸನನ್ನು ಹೀಗೆ ಎಬ್ಬಿಸಿ ನಿಲ್ಲಿಸುವುದು ನಿನೆಲ್ ಸವೆಲ್ಯೆವ್ನಾ ಒಬ್ಬರಿಗೇ ಸಾಧ್ಯ. ಈ ಗುಡ್ಡದ ಅರ್ಧ ಜನ ಅವರ ಕೈಯಲ್ಲೇ ಗಂಜಿ ತಿಂದು ಬೆಳೆದವರು.

ಡಿಸೆಂಬರ್ ಎರಡಕ್ಕೆ ಮುಳುಗಿದ ಸೂರ್ಯ ನಮ್ಮೂರಿಗೆ ಮತ್ತೆ ಮುಖ ತೋರಿಸುವುದು ಜನವರಿ ಹನ್ನೊಂದಕ್ಕೆ. ಆ ನಲವತ್ತು ದಿನ ಶಿಶುವಿಹಾರದ ಮಕ್ಕಳು ವಾರಕ್ಕೆ ಮೂರು ಸಲ ಚಡ್ಡಿ, ಕಪ್ಪು ಕನ್ನಡಕ ಹಾಕಿಕೊಂಡು, ಬಿಸಿಲಿನಂತೆ ನೇರಳಾತೀತ ಕಿರಣ ಸೂಸುವ ಕ್ವಾರ್ಟ್ಜ್ ದೀಪದ ಸುತ್ತ ಮೂರು ನಿಮಿಷ ನಿಲ್ಲುತ್ತವೆ. ಮೂಳೆ ಗಟ್ಟಿಯಾಗಬೇಕಲ್ಲ! ಮಕ್ಕಳು ಅದಕ್ಕೆ ದೀಪ ಎನ್ನುವುದಿಲ್ಲ, ಸೂರ್ಯ ಎನ್ನುತ್ತವೆ. ಹಿಂದೆ ಜೂಯೆವ್ ಕೂಡ ಹಾಗೇ ಎನ್ನುತ್ತಿದ್ದ.

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ರಾಯಿಸಾ ತೀಖೊನೊವ್ನಾ ಕೋಟು ಹಾಕಿಕೊಳ್ಳುತ್ತಲೇ ಹೊರಬಂದರು. ವಯಸ್ಸು 48, ಇದೇ ಊರಿನವರು. ಇಪ್ಪತ್ತಾರು ವರ್ಷದ ಸರ್ವಿಸ್‌ನಲ್ಲಿ ಅವರ ಕೈಗೆ ಹತ್ತದ ಕೇಸು ಎರಡೇ ಎರಡು. ಆ ಎರಡರಲ್ಲೂ ತಪ್ಪು ತಮ್ಮದಲ್ಲ ಎಂದು ಈಗಲೂ ವಾದ ಮಾಡುತ್ತಾರೆ.

"ಎಫ್‌ಐಆರ್ ಬರಿ. ಗಾಡಿಯಲ್ಲಿ ಕೂತೇ ಬರಿ," ಎಂದರು.

8 ಗಂಟೆ 50 ನಿಮಿಷಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಪಂಚರು ಇಬ್ಬರು, ಅಡುಗೆಯಾಕೆ ಮತ್ತು ಒಬ್ಬ ಶಿಕ್ಷಕಿ. ದೀಪದ ಕೋಣೆ ನೆಲಮಹಡಿಯಲ್ಲಿ, ಕೋಟು ಬಿಚ್ಚಿಡುವ ಪಡಸಾಲೆಯ ಪಕ್ಕದಲ್ಲೇ ಇದೆ. ಬಾಗಿಲಿಗೆ ಬೀಗವಿಲ್ಲ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಒಂದು ಚಿಲಕವಿದೆ. ದೀಪ ಕೊನೆಯ ಸಲ ಉರಿದದ್ದು ನಿನ್ನೆ ಸಂಜೆ 4 ಗಂಟೆಗೆ. ಇವತ್ತು ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕೆ ನೋಡಿದರೆ ಜಾಗ ಖಾಲಿ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಬೋಗುಣಿಯಂಥ ತಲೆ, ಒಟ್ಟು ಎತ್ತರ ಐದು ವರ್ಷದ ಮಗುವಿನಷ್ಟು, ತೂಕವೂ ಹೆಚ್ಚುಕಮ್ಮಿ ಅಷ್ಟೇ.

"ಗುಜರಿಯವರ ಕೆಲಸ," ಎಂದ ಜೂಯೆವ್. "ಇಲ್ಲಾಂದ್ರೆ ಕಿಟಕಿಯಲ್ಲಿ ಟೊಮೇಟೊ ಸಸಿ ಬೆಳೆಸೋ ಹುಚ್ಚರು. ನಮ್ಮ ಕಟ್ಟಡದಲ್ಲೇ ಅಂಥ ನಾಲ್ಕು ಮನೆ ಇವೆ."

"ಕನ್ನಡಕ ಎಣಿಸು."

ಗೋಡೆಗೆ ಮಕ್ಕಳ ಎತ್ತರಕ್ಕೆ ಮೊಳೆ ಹೊಡೆದು ಕನ್ನಡಕಗಳನ್ನು ಸಾಲಾಗಿ ನೇತುಹಾಕಿದ್ದರು. ಜೂಯೆವ್ ಬಗ್ಗಿ ಎಣಿಸಿದ. "ಚಿಕ್ಕದು ಇಪ್ಪತ್ನಾಲ್ಕು. ದೊಡ್ಡದು ಒಂದು, ಶಿಕ್ಷಕಿಯದ್ದು. ಎಲ್ಲಾ ಇದೆ."

"ಹಾಗಾದ್ರೆ ಕದ್ದವರು ನಮ್ಮೂರಿನವರಲ್ಲ."

"ಅದು ಹೇಗೆ, ತೀಖೊನೊವ್ನಾ?"

"ನಿನ್ನ ಬಲಗೈ ನೋಡ್ಕೋ."

ಜೂಯೆವ್ ನೋಡಿಕೊಂಡ. ಎಣಿಕೆ ಮುಗಿಯುತ್ತಿದ್ದ ಹಾಗೆ ಅವನ ಕೈ ತಾನಾಗಿ ಆ ದೊಡ್ಡ ಕನ್ನಡಕವನ್ನು ಮೊಳೆಯಿಂದ ಎತ್ತಿಕೊಂಡಿತ್ತು. ಮೂರು ವರ್ಷ ತುಂಬುವ ಮೊದಲೇ ಅಭ್ಯಾಸವಾದದ್ದು ಎಲ್ಲಿಗೆ ಹೋಗುತ್ತೆ? ನಮ್ಮೂರಿನ ಕುಡುಕ ಕೂಡ ಮೊದಲು ಕನ್ನಡಕ ಕದ್ದು ಆಮೇಲೆ ದೀಪಕ್ಕೆ ಕೈ ಹಾಕುತ್ತಾನೆ.

"ಕಳ್ಳರು ಎಲ್ಲೂ ಓಡಿಹೋಗಲ್ಲ," ಎಂದರು ರಾಯಿಸಾ. "ಮೊದಲು ದೀಪ ಸಿಗ್ಬೇಕು. ಯಾರೋ ಬರಿಗಣ್ಣಲ್ಲಿ ಅದನ್ನ ಹಚ್ಕೊಂಡು ಕೂರ್ತಾರೆ. ಅರ್ಧ ಗಂಟೆ ಸಾಕು, ಕಣ್ಣು ಸುಟ್ಟುಹೋಗುತ್ತೆ. ನಡಿ, ಬಾಗಿಲು ಕಾಯೋರು ಯಾರು?"

ಬಾಗಿಲು ಕಾಯುವವರು ಫ್ರೋಸ್ಯಾ ಚಿಕ್ಕಮ್ಮ. ಕೈಯಲ್ಲಿ ಹೆಣಿಗೆ, ಕಣ್ಣು ಬಾಗಿಲ ಮೇಲೆ, ಹದಿನೆಂಟು ವರ್ಷದಿಂದ ಹೀಗೇ.

"ನಿನ್ನೆ ಸಂಜೆ ದೊಡ್ಡ ಚೀಲ ಹೊತ್ಕೊಂಡು ಯಾರಾದ್ರೂ ಹೋದ್ರಾ?"

"ನನ್ನ ಎದುರಿಗೆ ಚೀಲ ಹೊತ್ಕೊಂಡು ಹೋಗೋ ಧೈರ್ಯ ಯಾರಿಗಿದೆ?"

"ಕಿಟಕಿ?"

"ಅಕ್ಟೋಬರಲ್ಲೇ ಸಂದಿಗೆಲ್ಲ ಹತ್ತಿ ತುರುಕಿ ಕಾಗದ ಅಂಟಿಸಿದ್ದೀನಿ. ಬೇಕಾದ್ರೆ ನೋಡ್ಕೊಳ್ಳಿ."

"ಮತ್ತೆ ಏನೇನು ಹೊರಗೆ ಹೋಯ್ತು?"

"ಮಕ್ಕಳು ಹೋದ್ವು. ಜಾರುಬಂಡಿ ಮೇಲೆ ಕೂತು, ಮೂಗಿನವರೆಗೆ ಕಂಬಳಿ ಹೊದ್ದು. ನಿನ್ನೆ ಮೈನಸ್ ಇಪ್ಪತ್ತಿತ್ತಲ್ಲ, ಮೂಗೂ ಕಾಣಿಸ್ತಿರಲಿಲ್ಲ."

ರಾಯಿಸಾ ಒಂದು ಕ್ಷಣ ಪಡಸಾಲೆಯ ಮೂಲೆ ನೋಡಿದರು. ಅಲ್ಲಿ ಇಪ್ಪತ್ತು ಚಿಲ್ಲರೆ ಜಾರುಬಂಡಿಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ಐದು ವರ್ಷದ ಮಗುವಿನಷ್ಟು ಎತ್ತರ, ಅಷ್ಟೇ ತೂಕ.

"ನಿನೆಲ್ ಸವೆಲ್ಯೆವ್ನಾ, ನಿಮ್ಮ ಮಕ್ಕಳಲ್ಲಿ ಯಾರ್ಯಾರ ಮನೆಗೆ ದಕ್ಷಿಣದಿಂದ ನೆಂಟರು ಬಂದಿದ್ದಾರೆ?"

ಮುಖ್ಯಸ್ಥೆಗೆ ಇದಕ್ಕೆ ಪುಸ್ತಕ ನೋಡುವ ಅಗತ್ಯ ಬೀಳಲಿಲ್ಲ. "ಮೂರು ಮನೆ. ಸೋಚಿಯಿಂದ ಒಂದು ಜೋಡಿ ಬಂದಿತ್ತು, ಭಾನುವಾರ ವಾಪಸ್ ಹೋದ್ರು. ವೊರೊನೆಜ್‌ನಿಂದ ಒಬ್ಬ ಮಾವ ಬಂದಿದ್ದಾನೆ, ಆಕಾಶದ ಹಸಿರು ಬೆಳಕು ನೋಡೋಕೆ. ಐದು ದಿನದಿಂದ ಮೋಡ ನೋಡ್ತಿದ್ದಾನೆ."

"ಮೂರನೇದು?"

"ನಮ್ಮ ಆಸ್ಯಾಳ ಅಜ್ಜಿ, ದೆರ್ಬೆಂತ್‌ನವರು. ಮಗಳ ಬಾಣಂತನಕ್ಕೆ ಬಂದಿದ್ದಾರೆ. ಅಳಿಯ ಮೀನಿನ ಹಡಗಲ್ಲಿದ್ದಾನೆ, ಬರೋದು ಹೊಸ ವರ್ಷ ಕಳೆದ ಮೇಲೆ. ಬಂದ ಮಾರನೇ ದಿನ ನನ್ನನ್ನ ಕೇಳಿದ್ರು, ಇಲ್ಲಿ ಬೆಳಗಾಗೋದು ಯಾವಾಗ ಅಂತ. ಜನವರಿಯಲ್ಲಿ ಅಂದೆ. ತಮಾಷೆ ಮಾಡ್ತಿದ್ದೀನಿ ಅಂದ್ಕೊಂಡು ನಕ್ಕರು."

9 ಗಂಟೆ 40 ನಿಮಿಷಕ್ಕೆ, ಮುಖ್ಯಸ್ಥೆಯ ಸಮಕ್ಷಮದಲ್ಲಿ, ಮಕ್ಕಳ ವಿಚಾರಣೆ ನಡೆಯಿತು. ಗಂಜಿಯ ಬಟ್ಟಲು ಆಗಷ್ಟೇ ಎತ್ತಿದ್ದರು. ರಾಯಿಸಾ ಪುಟ್ಟ ಕುರ್ಚಿಯೊಂದರ ಮೇಲೆ ಮೊಣಕಾಲು ಮಡಚಿ ಕೂತು ಕೇಳಿದ್ದು ಒಂದೇ ಪ್ರಶ್ನೆ. "ನಿನ್ನೆ ಸಂಜೆ ಮನೆಗೆ ನಡ್ಕೊಂಡೇ ಹೋದ ಗಟ್ಟಿಗರು ಯಾರಿದ್ದೀರಿ?"

ಮೂರು ಕೈ ಮೇಲೆದ್ದವು. ಅದರಲ್ಲಿ ಎರಡು ಹಸೀ ಸುಳ್ಳು ಎಂದು ಶಿಕ್ಷಕಿ ತಲೆಯಾಡಿಸಿದರು. ಮೂರನೆಯದು ಎರಡು ಜಡೆಯ ಆಸ್ಯಾಳದ್ದು, ವಯಸ್ಸು ಐದು.

"ಗುಡ್ಡ ಹತ್ತಿದೆಯಾ?"

"ಪೂರ್ತಿ ಹತ್ತಿದೆ."

"ಜಾರುಬಂಡಿ ಇರಲಿಲ್ವಾ?"

"ಇತ್ತು. ಅದರ ಮೇಲೆ ಸೂರ್ಯ ಮಲಗಿತ್ತು. ನನ್ನ ಕಂಬಳಿ ಹೊದಿಸಿದ್ರು ಅಜ್ಜಿ, ಟೋಪಿನೂ ಹಾಕಿದ್ರು."

"ಅಜ್ಜಿಗೆ ಸೂರ್ಯ ಯಾಕೆ ಬೇಕಾಗಿತ್ತು?"

"ತಮ್ಮನಿಗೆ."

"ತಮ್ಮ ಎಷ್ಟು ದೊಡ್ಡೋನು?"

"ಏಳು ದಿನ," ಎಂದು ಆಸ್ಯಾ ಬೆರಳು ಎಣಿಸಿ ತೋರಿಸಿದಳು. ಆಮೇಲೆ ಯಾರೂ ಕೇಳದೆಯೇ ಹೇಳಿದಳು, "ಕನ್ನಡಕ ಇಲ್ದೆ ನಾನು ಸೂರ್ಯ ಇರೋ ಕೋಣೆಗೆ ಬರಲ್ಲ ಅಂದೆ. ಸೂರ್ಯನ ಮುಂದೆ ಯಾರಾದ್ರೂ ಕನ್ನಡಕ ಹಾಕ್ತಾರೇನೇ ಅಂತ ಅಜ್ಜಿ ನಕ್ಕುಬಿಟ್ರು."

ನಿನೆಲ್ ಸವೆಲ್ಯೆವ್ನಾ ಫೋನಿನತ್ತ ಓಡಿದರು. ಮಕ್ಕಳು ದೀಪದ ಮುಂದೆ ಮೂರು ನಿಮಿಷಕ್ಕಿಂತ ಅರ್ಧ ನಿಮಿಷ ಹೆಚ್ಚು ನಿಂತರೂ ಅವರ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಏಳು ದಿನದ ಕೂಸು!

ಆಸ್ಯಾಳ ಮನೆಗೆ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ಹೊರಗೆ ಓಡುವಾಗ ರಾಯಿಸಾ ಬಾಗಿಲಲ್ಲಿ ಅರೆಗಳಿಗೆ ನಿಂತರು. "ಫ್ರೋಸ್ಯಾ ಚಿಕ್ಕಮ್ಮ, ಇವತ್ತು ಆಸ್ಯಾಳನ್ನ ಬಿಟ್ಟುಹೋದೋರು ಯಾರು?"

"ಪಕ್ಕದ ಮನೆ ವಾಲ್ಯಾ. ಅಜ್ಜಿಗೆ ಕಣ್ಣುನೋವಂತೆ, ಕಣ್ಣು ಬಿಡೋಕೇ ಆಗ್ತಿಲ್ವಂತೆ."

ಅಂದರೆ ಆ ಮನೆಯಲ್ಲಿ ದೀಪ ನಿನ್ನೆಯೇ ಉರಿದಿದೆ. ಗಾಡಿಯಲ್ಲಿ ಜೂಯೆವ್ ಒಂದು ಸಲ, "ಮಗು ಅದರ ಮುಂದೆ ಇತ್ತೋ ಏನೋ," ಎಂದ. "ರಸ್ತೆ ನೋಡು," ಎಂದರು ರಾಯಿಸಾ.

10 ಗಂಟೆ 15 ನಿಮಿಷ. ಲಿಫ್ಟ್ ಇಲ್ಲದ ಹಳೇ ಕಟ್ಟಡದ ಐದನೇ ಮಹಡಿ. ಆಕಾಶ ಇನ್ನೂ ಕಪ್ಪಾಗಿಯೇ ಇತ್ತು, ಮೆಟ್ಟಿಲಲ್ಲಿ ಮಂಕು ಬಲ್ಬು. ಜೂಯೆವ್‌ಗಿಂತ ಹತ್ತೊಂಬತ್ತು ವರ್ಷ ದೊಡ್ಡವರಾದ ರಾಯಿಸಾ ಅವನಿಗಿಂತ ಒಂದು ಮಹಡಿ ಮುಂದಿದ್ದರು. ಬಾಗಿಲು ತಟ್ಟಿದರು.

ಬಾಗಿಲು ತೆರೆದವರು ಆಸ್ಯಾಳ ಅಜ್ಜಿ, ಐವತ್ತೆಂಟರ ಗುಲ್‌ಪೆರಿ. ಎರಡು ಕಣ್ಣೂ ಮುಚ್ಚಿದ್ದವು, ರೆಪ್ಪೆ ಊದಿಕೊಂಡಿತ್ತು. ಮುಖ, ಕತ್ತು, ಎರಡು ಮುಂಗೈ ಕೆಂಪಗೆ ಕಾಯ್ದಿದ್ದವು. ಸೂರ್ಯ ಮುಳುಗಿ ಹದಿನೈದು ದಿನವಾದ ಊರಿನಲ್ಲಿ ಬಿಸಿಲಿಗೆ ಸುಟ್ಟ ಮುಖವೊಂದು ಬಾಗಿಲು ತೆರೆಯಿತು ಎಂದು ಪಂಚನಾಮೆಯಲ್ಲಿ ಬರೆದರೆ ಯಾರು ನಂಬುತ್ತಾರೆ? ಜೂಯೆವ್ ಆಮೇಲೆ ಅದನ್ನು ಹಾಗೇ ಬರೆದ.

"ವಾಲ್ಯಾನಾ? ಒಳ್ಳೇ ಸಮಯಕ್ಕೆ ಬಂದೆ ತಾಯಿ," ಎಂದರು ಗುಲ್‌ಪೆರಿ, ದನಿ ತಗ್ಗಿಸಿ. "ಮೆಲ್ಲಗೆ ಬಾ, ಮಗಳಿಗೆ ಜ್ವರ, ಈಗ ಕಣ್ಣು ಮುಚ್ಚಿದ್ದಾಳೆ. ಈ ಪ್ಲಗ್ ಒಂದು ಹಾಕಿಕೊಡು. ಆಗಿಂದ ಗೋಡೆ ತಡವ್ತಾ ಇದ್ದೀನಿ, ತೂತು ಸಿಕ್ತಿಲ್ಲ."

ಅಡುಗೆಮನೆಯ ಮೇಜಿನ ಮೇಲೆ ದಿಂಬು, ದಿಂಬಿನ ಮೇಲೆ ಬಟ್ಟೆ ಬಿಚ್ಚಿ ಮಲಗಿಸಿದ್ದ ಮಗು. ಮಗುವಿನಿಂದ ಒಂದು ಮೊಳ ದೂರದಲ್ಲಿ ಮೂರು ಕಾಲಿನ ದೀಪ ತಲೆ ಬಗ್ಗಿಸಿ ನಿಂತಿತ್ತು. ವೈರಿನ ತುದಿ ಅಜ್ಜಿಯ ಕೈಯಲ್ಲಿತ್ತು.

ರಾಯಿಸಾ ಆ ಕೈಯಿಂದ ಪ್ಲಗ್ಗನ್ನು ಮೆಲ್ಲಗೆ ಬಿಡಿಸಿಕೊಂಡು ವೈರು ಸುತ್ತಿದರು. "ಮಗುವನ್ನ ಇದರ ಮುಂದೆ ಎಷ್ಟು ಹೊತ್ತು ಇಟ್ಟಿದ್ರಿ?"

ಈ ದನಿ ವಾಲ್ಯಾಳದ್ದಲ್ಲ ಎಂದು ಗುಲ್‌ಪೆರಿಗೆ ತಿಳಿಯಿತು. ಆದರೂ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟರು. "ಇನ್ನೂ ಇಟ್ಟಿಲ್ಲ. ಸ್ನಾನದ ನೀರಾದ್ರೂ ಮೊದಲು ನಮ್ಮ ಕೈಗೆ ಹಾಕ್ಕೊಂಡು ನೋಡ್ತೀವಲ್ಲ. ನಿನ್ನೆ ರಾತ್ರಿ ಊಟ ಆದ ಮೇಲೆ ನಾನೇ ಮುಂದೆ ಕೂತೆ, ಅರ್ಧ ಗಂಟೆ. ಬಿಸಿ ಹಿತವಾಗಿತ್ತು. ಬೆಳಿಗ್ಗೆ ಏಳೋಷ್ಟರಲ್ಲಿ ಕಣ್ಣಲ್ಲಿ ಮರಳು ಹೊಯ್ದ ಹಾಗೆ ಆಗಿತ್ತು. ಈ ಊರಿನ ಶೀತ ತಗುಲಿದೆ ಅಂದ್ಕೊಂಡೆ. ನೀವು ಯಾರು?"

"ಪೊಲೀಸ್. ಶೀತ ಅಲ್ಲ ಇದು, ದೀಪ ಸುಟ್ಟಿದ್ದು. ಮಗುವಿಗೆ ಹಚ್ಚಿದ್ರೆ ಇದರ ಎರಡರಷ್ಟು ಆಗ್ತಿತ್ತು."

ಗುಲ್‌ಪೆರಿ ತಡವಿ ತಡವಿ ಸ್ಟೂಲಿನ ಮೇಲೆ ಕೂತರು. ಆದರೆ ದನಿ ಗಟ್ಟಿಯಾಗಿಯೇ ಬಂತು. "ನನ್ನನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ. ಕದ್ದಿದ್ದು ನಾನೇ, ಹೊತ್ಕೊಂಡು ಬಂದಿದ್ದೂ ನಾನೇ. ಆದ್ರೆ ಈ ಮಗು ಹಳದಿಯಾಗಿದೆ. ಯಾರಿಗೆ ಹೇಳಿದ್ರೂ ನಂಬ್ತಿಲ್ಲ. ನರ್ಸು ಬಂದು ನೋಡಿ ಹೋದ್ರು, ಏನಿಲ್ಲ ಅಂದ್ರು. ಬಲ್ಬಿನ ಕೆಳಗೆ ಎಲ್ಲಾ ಹೀಗೇ ಕಾಣ್ತಾರೆ ಅಮ್ಮ ಅಂತಾಳೆ ಮಗಳು. ನಾಲ್ಕು ಹೆತ್ತು, ಒಂಬತ್ತು ಮೊಮ್ಮಕ್ಕಳನ್ನ ಎತ್ತಿ ಆಡ್ಸಿದ್ದೀನಿ ನಾನು. ಇದು ಹಾಲು ಕುಡೀತಿಲ್ಲ, ಬರೀ ನಿದ್ದೆ ಮಾಡ್ತಿದೆ. ನಮ್ಮೂರಲ್ಲಾಗಿದ್ರೆ ಮೂರು ದಿನ ಎಳೆಬಿಸಿಲಿಗೆ ಹಿಡಿದಿದ್ರೆ ಸರಿಹೋಗ್ತಿತ್ತು. ಇಲ್ಲಿ ಬಿಸಿಲು ಎಲ್ಲಿಂದ ತರ್ಲಿ?"

ರಾಯಿಸಾ ಮಗುವನ್ನು ನೋಡಿದರು. ಬಲ್ಬಿನ ಕೆಳಗೆ ಮಗು ಹಳದಿಯಾಗಿತ್ತು. ಗೋಡೆಯೂ ಹಳದಿ, ಜೂಯೆವನ ಮೂಗೂ ಹಳದಿ. ನಮ್ಮೂರಿನಲ್ಲಿ ಈ ಕಾಲದಲ್ಲಿ ಯಾರ ನಿಜವಾದ ಬಣ್ಣವೂ ಯಾರಿಗೂ ಗೊತ್ತಾಗುವುದಿಲ್ಲ.

"ಬಲ್ಬು ಆರಿಸು. ಟಾರ್ಚ್ ಹಾಕು. ಕಣ್ಣಿಗೆ ಬೇಡ, ಪಾದಕ್ಕೆ ಹಾಕು."

ಪೊಲೀಸ್ ಟಾರ್ಚಿನ ಬಿಳಿ ಬೆಳಕಿನಲ್ಲಿ ಜೂಯೆವನ ಕೈ ಕೈಯ ಬಣ್ಣದಲ್ಲೇ ಕಾಣಿಸಿತು. ಅವನ ಕೈಯಲ್ಲಿದ್ದ ಪುಟ್ಟ ಅಂಗಾಲು ಮಾತ್ರ ನಿಂಬೆ ಸಿಪ್ಪೆಯಂತೆ ಹಳದಿಯಾಗಿತ್ತು. ಹೊಟ್ಟೆ, ಎದೆ, ಕಿವಿ ಎಲ್ಲವೂ ಹಾಗೇ ಇದ್ದವು.

"ಅಜ್ಜಿ ಹೇಳಿದ್ದು ನಿಜ," ಎಂದ ಜೂಯೆವ್.

"ಆಂಬುಲೆನ್ಸಿಗೆ ಕಾಯೋದು ಬೇಡ. ಕಂಬಳಿ ತಾ. ಮಗಳನ್ನೂ ಎಬ್ಬಿಸು, ಹಾಲು ಕೊಡೋರು ಬೇಕು."

"ಪಂಚನಾಮೆ?"

"ದೀಪ ಎಲ್ಲೂ ಹೋಗಲ್ಲ ಕಣೋ. ವಾಲ್ಯಾಳನ್ನ ಕಾವಲು ಕೂರ್ಸು."

10 ಗಂಟೆ 50 ನಿಮಿಷಕ್ಕೆ ಮಗು ಮಕ್ಕಳ ಆಸ್ಪತ್ರೆಯಲ್ಲಿತ್ತು. ರಕ್ತ ನೋಡಿದ ಡಾಕ್ಟರು ಬೈಯಲೂ ಇಲ್ಲ, ಹೊಗಳಲೂ ಇಲ್ಲ, ಓಡಿದರು. ಒಂದು ಗಂಟೆ ಕಳೆದು ಹೊರಗೆ ಬಂದು, ಇನ್ನೊಂದು ದಿನ ಬಿಟ್ಟಿದ್ದರೆ ಕಾಮಾಲೆ ಮೆದುಳಿಗೆ ಏರುತ್ತಿತ್ತು, ಈಗ ಭಯವಿಲ್ಲ ಎಂದರು. ಕಾಮಾಲೆಗೆ ಆಸ್ಪತ್ರೆಯಲ್ಲಿ ಬೇರೆ ದೀಪ ಇದೆ, ನೀಲಿಯದು. ಅದು ಸುಡುವುದಿಲ್ಲ, ಆದರೂ ಮಗುವಿನ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮೊಮ್ಮಗ ಒಂದು ಕೋಣೆಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಜ್ಜಿ ಹೊರಗಿನ ಬೆಂಚಿನ ಮೇಲೆ ಇದ್ದರು. ಅಜ್ಜಿಯ ಕಣ್ಣು ಮೂರು ದಿನದಲ್ಲಿ ತಿಳಿಯಾಗುತ್ತದೆ ಎಂದು ಕಣ್ಣಿನ ಡಾಕ್ಟರು ಬರೆದುಕೊಟ್ಟಿದ್ದರು.

ಮಧ್ಯಾಹ್ನ 1 ಗಂಟೆ 10 ನಿಮಿಷಕ್ಕೆ, ಅದೇ ಬೆಂಚಿನ ಮೇಲೆ, ಗುಲ್‌ಪೆರಿಯ ಬಂಧನವನ್ನು ದಾಖಲಿಸಲಾಯಿತು. ಜೂಯೆವ್ ಹೇಳಿಕೆ ಬರೆದುಕೊಂಡ. ವಶಪಡಿಸಿಕೊಂಡ ವಸ್ತುಗಳು: ಕ್ವಾರ್ಟ್ಜ್ ದೀಪ ಒಂದು, ಮಕ್ಕಳ ಜಾರುಬಂಡಿ ಒಂದು, ಕಂಬಳಿ ಒಂದು. ನಾಲ್ಕನೆಯದು, ಹೆರಿಗೆ ಆಸ್ಪತ್ರೆಯಿಂದ ಬಿಡುವಾಗ ಕೊಟ್ಟಿದ್ದ ಸೂಚನೆಯ ಹಾಳೆ. ಇಡೀ ದೇಶಕ್ಕೆ ಒಂದೇ ಹಾಳೆ ಅಚ್ಚು ಹಾಕಿಸುತ್ತಾರೆ. ಅದರ ಐದನೇ ಸಾಲಿನ ಕೆಳಗೆ ಗುಲ್‌ಪೆರಿ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದರು: ಮಗುವಿನ ಮೈ ಹಳದಿಯಾಗಿ ಕಂಡರೆ ದಿನವೂ ಹತ್ತು ನಿಮಿಷ ಎಳೆಬಿಸಿಲಿಗೆ ಹಿಡಿಯಿರಿ.

ಆ ಹೊತ್ತಿಗೆ ನಿನೆಲ್ ಸವೆಲ್ಯೆವ್ನಾ ಬಂದರು. ಬೆಳಿಗ್ಗೆ ದೂರು ಬರ್ಕೊಳ್ಳಿ ಎಂದವರು ಈಗ ದೂರು ವಾಪಸ್ ಕೊಡಿ ಎಂದರು.

"ಅದು ಆಗಲ್ಲ. ಎಫ್‌ಐಆರ್ ಆಗಿದೆ," ಎಂದರು ರಾಯಿಸಾ.

"ತಪ್ಪು ನನ್ನದೂ ಇದೆ. ಮೊನ್ನೆ ಅವರು ದೀಪದ ಕೋಣೆ ಮುಂದೆ ನಿಂತು, ಇದೇನು ಅಂತ ಕೇಳಿದ್ರು. ಇದು ನಮ್ಮ ಸೂರ್ಯ, ನಿಮ್ಮ ದಕ್ಷಿಣದ ಸೂರ್ಯನಿಗಿಂತ ಮೇಲು, ಮೋಡಕ್ಕೆ ಹೆದರಲ್ಲ ಅಂದೆ. ಜಂಬ ಕೊಚ್ಕೊಂಡೆ. ಕನ್ನಡಕದ ಮಾತು ಬಾಯಿಗೇ ಬರಲಿಲ್ಲ. ಈ ಊರಲ್ಲಿ ಅದನ್ನ ಯಾರಿಗಾದ್ರೂ ಹೇಳೋದಿದೆಯಾ?"

"ಮಕ್ಕಳು ಹಾಕ್ಕೊಂಡಿದ್ದನ್ನ ನೋಡಿದ್ದೆ," ಎಂದರು ಗುಲ್‌ಪೆರಿ ಬೆಂಚಿನಿಂದ. "ಆಟ ಅಂದ್ಕೊಂಡೆ. ನಾನು ಕೇಳಿದ್ರೆ ನೀವಾದ್ರೂ ಕೊಡ್ತಿದ್ರಾ ದೀಪ?"

"ಇಲ್ಲ."

"ಅದಕ್ಕೇ ಕೇಳ್ಲಿಲ್ಲ."

ನಿನೆಲ್ ಸವೆಲ್ಯೆವ್ನಾ ಕೈಚೀಲದಿಂದ ಬಿಸಿ ಚಹಾದ ಫ್ಲಾಸ್ಕು ತೆಗೆದು, ಮುಚ್ಚಳಕ್ಕೆ ಬಗ್ಗಿಸಿ, ಕಾಣದ ಆ ಕೈಗೆ ಹಿಡಿಸಿದರು.

ರಾಯಿಸಾ ಜಾಮೀನಿನ ಮುಚ್ಚಳಿಕೆ ತಾವೇ ತುಂಬಿದರು. ಜೂಯೆವ್ ಅಜ್ಜಿಯ ಬೆರಳನ್ನು ಸಹಿಯ ಜಾಗಕ್ಕೆ ತಂದು ಇಟ್ಟ.

"ಇದರಲ್ಲಿ ಏನು ಬರ್ದಿದ್ದೀರಿ?" ಎಂದು ಕೇಳಿದರು ಗುಲ್‌ಪೆರಿ.

"ತನಿಖೆ ಮುಗಿಯೋವರೆಗೆ ನೀವು ಈ ಊರು ಬಿಟ್ಟು ಹೋಗೋ ಹಾಗಿಲ್ಲ."

"ಜನವರಿ ಐದಕ್ಕೆ ನನ್ನ ಟಿಕೆಟ್ ಆಗಿದೆ."

"ರದ್ದು ಮಾಡ್ಸಿ."

ಜೂಯೆವ್ ರಾಯಿಸಾರ ಕಿವಿಯ ಹತ್ತಿರ ಬಗ್ಗಿದ. "ತೀಖೊನೊವ್ನಾ, ಇದರಲ್ಲಿ ತನಿಖೆ ಮಾಡೋಕೆ ಇನ್ನೇನಿದೆ? ಬೆಳಿಗ್ಗೆ ಎರಡೇ ಗಂಟೆಯೊಳಗೆ ಮುಗಿಸಿದ್ರಲ್ಲ."

"ನನಗೆ ಮೂವತ್ತು ದಿನ ಬೇಕು," ಎಂದರು ರಾಯಿಸಾ, ಎಲ್ಲರಿಗೂ ಕೇಳುವಂತೆ. "ಕಾನೂನು ಕೊಟ್ಟಿರೋದು ಮೂವತ್ತು ದಿನ. ಒಂದು ದಿನವೂ ಕಮ್ಮಿ ಮಾಡಲ್ಲ. ಜನವರಿ ಹದಿನಾರಕ್ಕೆ ಠಾಣೆಗೆ ಬನ್ನಿ."

ಗುಲ್‌ಪೆರಿ ಪಟ್ಟಿ ಕಟ್ಟಿದ ಮುಖವನ್ನು ಆ ದನಿಯ ಕಡೆ ತಿರುಗಿಸಿದರು. ಲೆಕ್ಕ ಹಾಕಿಕೊಂಡಿರಬೇಕು. "ಹನ್ನೊಂದಕ್ಕೆ ನಿಮ್ಮ ಸೂರ್ಯ ಬರುತ್ತೆ ಅಂತಾರಲ್ಲ. ಎಷ್ಟು ಹೊತ್ತು ಇರುತ್ತೆ?"

"ಮೊದಲ ದಿನ ಅರ್ಧ ಗಂಟೆ. ಅಷ್ಟೇ."

"ಹತ್ತು ನಿಮಿಷ ಸಾಕು," ಎಂದು ಸಹಿ ಹಾಕಿದರು.

ಕಡತದ ಕೊನೆಯಲ್ಲಿ ಜೂಯೆವ್ ಬರೆದ ಒಂದು ಪುಟವಿದೆ. ಜನವರಿ 11, ಮಧ್ಯಾಹ್ನ 12 ಗಂಟೆ 40 ನಿಮಿಷ, ಸೂರ್ಯನನ್ನು ಎದುರುಗೊಳ್ಳಲು ಊರು ಸೇರುವ ಗುಡ್ಡದಲ್ಲಿ ಬಂದೋಬಸ್ತ್ ಕರ್ತವ್ಯ. ಮೋಡವಿಲ್ಲ. ಜನ ದೋಸೆಯಂಥ ಬ್ಲಿನಿ ತಿನ್ನುತ್ತಿದ್ದಾರೆ. ಆರೋಪಿ ಗುಲ್‌ಪೆರಿ ಸ್ಥಳದಲ್ಲಿ ಹಾಜರಿದ್ದು, ಕಂಬಳಿಯಲ್ಲಿ ಸುತ್ತಿದ ಮಗುವಿನ ಮುಖವನ್ನು ಸೂರ್ಯನ ಕಡೆ ಹಿಡಿದಿದ್ದಾರೆ. ಮಗುವಿನ ಮುಖ ಮೈನಸ್ ಹದಿನಾಲ್ಕರ ಚಳಿಗೆ ಕೆಂಪಗಿದೆ. ಪಕ್ಕದಲ್ಲಿ ನಿನೆಲ್ ಸವೆಲ್ಯೆವ್ನಾ ಗಡಿಯಾರ ಹಿಡಿದು ನಿಮಿಷ ಎಣಿಸುತ್ತಿದ್ದಾರೆ. ಆರೋಪಿಯು ಶಿಶುವಿಹಾರಕ್ಕೆ ಸೇರಿದ, ದೊಡ್ಡವರ ಅಳತೆಯ ಕಪ್ಪು ಕನ್ನಡಕ ಧರಿಸಿದ್ದಾರೆ. ಮುಚ್ಚಳಿಕೆಯ ಷರತ್ತು ಉಲ್ಲಂಘನೆಯಾಗಿಲ್ಲ.